ಊರು ಬಿಟ್ಟವರ ಅರವತ್ತು ಚಿತ್ರಗಳು

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ನಯಾಗರದ ಬಗ್ಗೆ ಬರೆಯುತ್ತಾರೆ. ನಾನೂ ನೋಡಿದೆ. ಚೆನ್ನಾಗಿದೆ. ಆದರೆ ಮಳೆಗಾಲದ ಜೋಗವನ್ನು ಹತ್ತಾರು ಸಲ ಕಂಡ ಸಾಗರದವಳು ನಾನು. ನೀರು ಬೀಳುವುದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಅನ್ನಿಸಿದ್ದು ಸುಳ್ಳಲ್ಲ! ಮಗಳ ಮನೆಯಲ್ಲಿ ಕಳೆದ ಐದು ತಿಂಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಜಲಪಾತವಲ್ಲ, ಆಕಾಶ ಮುಟ್ಟುವ ಕಟ್ಟಡಗಳೂ ಅಲ್ಲ. ವಾಷಿಂಗ್ಟನ್ ನಗರದ ಒಂದು ಹಳೆಯ ಇಟ್ಟಿಗೆ ಮನೆಯಲ್ಲಿ ತೂಗುಹಾಕಿದ್ದ, ಗೋಡೆ ಕ್ಯಾಲೆಂಡರಿನಷ್ಟೇ ದೊಡ್ಡದಾದ ಕೆಲವು ಚಿತ್ರಗಳು.

ಚಿತ್ರಕಲೆಯ ವಿಷಯ ನನಗೇನೂ ತಿಳಿಯದು. ರಂಗೋಲಿ ಬಿಟ್ಟರೆ ಕೈಯಲ್ಲಿ ಬಣ್ಣ ಹಿಡಿದವಳಲ್ಲ. ಆದರೂ ಅವುಗಳ ಬಗ್ಗೆ ಬರೆಯಲೇಬೇಕೆಂದು ಏಕೆ ಕುಳಿತೆ ಎಂಬುದು ಕೊನೆಯವರೆಗೆ ಓದಿದರೆ ನಿಮಗೇ ತಿಳಿದೀತು.

ನನ್ನ ಮೊಮ್ಮಗಳು ಅಲ್ಲಿ ಐದನೇ ಕ್ಲಾಸು. ಅವರ ಶಾಲೆಯಲ್ಲಿ ಆ ತಿಂಗಳ ಪಾಠ 'ಊರು ಬಿಟ್ಟು ಹೋಗುವವರು' ಎಂಬುದು. ಪಾಠ ಅಂದರೆ ನಮ್ಮ ಕಾಲದ ಹಾಗೆ ಇಸವಿ, ಕಾರಣ, ಪರಿಣಾಮ ಅಂತ ಬಾಯಿಪಾಠ ಮಾಡಿಸುವುದಲ್ಲ. ಮೊದಲು ಕಥೆ ಪುಸ್ತಕ, ಆಮೇಲೆ ಚಿತ್ರ, ಕೊನೆಗೆ ಮನೆಯ ಹಿರಿಯರ ಜೊತೆ ಮಾತು.

ಒಂದು ಹಗ್ಗದ ಕಥೆ

ರಾತ್ರಿ ಮಲಗುವ ಮುಂಚೆ ಪುಟ್ಟಿ ನನಗೆ ಆ ಪುಸ್ತಕ ಓದಿ ಹೇಳುತ್ತಿದ್ದಳು. ಜಾಕ್ವೆಲಿನ್ ವುಡ್‌ಸನ್ ಎಂಬ ಲೇಖಕಿ 2013ರಲ್ಲಿ ಬರೆದ ಮಕ್ಕಳ ಪುಸ್ತಕ. ಕಥೆಯ ನಾಯಕ ಯಾರು ಗೊತ್ತೇ? ಒಂದು ಹಗ್ಗ! ದಕ್ಷಿಣ ಕೆರೊಲಿನಾದ ಹಳ್ಳಿಯಲ್ಲಿ ಒಬ್ಬ ಹುಡುಗಿಗೆ ಮರದ ಕೆಳಗೆ ಒಂದು ಹಗ್ಗ ಸಿಗುತ್ತದೆ. ಅದರಲ್ಲಿ ಅವಳು ಸ್ಕಿಪ್ಪಿಂಗ್ ಆಡುತ್ತಾಳೆ. ದೊಡ್ಡವಳಾಗಿ, ಮದುವೆಯಾಗಿ, ಗಂಡ ಮತ್ತು ಪುಟ್ಟ ಮಗುವಿನ ಜೊತೆ ನ್ಯೂಯಾರ್ಕಿಗೆ ಹೊರಟಾಗ ಅದೇ ಹಗ್ಗದಿಂದ ಕಾರಿನ ಮೇಲೆ ಗಂಟುಮೂಟೆ ಕಟ್ಟುತ್ತಾರೆ. ಅಲ್ಲಿ ಆ ಹಗ್ಗಕ್ಕೆ ಮಗುವಿನ ಬಟ್ಟೆ ಒಣಹಾಕುತ್ತಾರೆ. ಮೂರು ತಲೆಮಾರು ಕಳೆದರೂ ಹಗ್ಗ ಮನೆಯಲ್ಲೇ ಇರುತ್ತದೆ.

"ಅಜ್ಜಿ, ನೀನು ಇಲ್ಲಿಗೆ ಏನು ಕಟ್ಟಿಕೊಂಡು ಬಂದೆ?" ಅಂದಳು.

"ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ನಿಮ್ಮಮ್ಮನಿಗೆ ಚಟ್ನಿಪುಡಿ" ಅಂದೆ. ಅವಳು ನಗದೆ ಬರೆದುಕೊಂಡಳು. ಟೀಚರು ಕೊಟ್ಟ ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ನಿಮ್ಮ ಮನೆಯಲ್ಲಿ ಊರು ಬಿಟ್ಟವರು ಯಾರು? ಏಕೆ ಬಿಟ್ಟರು? ಜೊತೆಗೆ ಏನು ತೆಗೆದುಕೊಂಡು ಹೋದರು? ಹೋದ ಕಡೆಯ ಜನ ಅವರನ್ನು ಹೇಗೆ ಕಂಡರು? ಮೊದಲ ಮೂರಕ್ಕೆ ಮಗಳು, ಅಳಿಯ, ನಾನು ಸೇರಿ ಉತ್ತರ ಹೇಳಿಬಿಟ್ಟೆವು. ನಾಲ್ಕನೆಯದನ್ನು ಆಮೇಲೆ ನೋಡೋಣ ಅಂತ ಬಿಟ್ಟೆವು.

ಗಾಂಧೀಜಿಯ ನೆರೆಮನೆ

ಆ ಶುಕ್ರವಾರ ಮಕ್ಕಳನ್ನು ಚಿತ್ರ ನೋಡಲು ಕರೆದುಕೊಂಡು ಹೋದರು. ಮಕ್ಕಳನ್ನು ಕಾಯಲು ನಾಲ್ಕೈದು ಜನ ತಾಯಂದಿರೂ ಜೊತೆಗೆ ಹೋಗುವ ಪದ್ಧತಿ. ಮಗಳು, "ಅಮ್ಮಾ, ಮನೇಲಿ ಒಬ್ಬಳೇ ಕೂತು ಏನ್ಮಾಡ್ತೀಯ, ನೀನೂ ಬಾ" ಅಂದಳು. ಸೀರೆಯ ಮೇಲೆ ಅಳಿಯನ ದಪ್ಪ ಕೋಟು ಹಾಕಿಕೊಂಡು, ಹಳದಿ ಬಣ್ಣದ ಸ್ಕೂಲ್ ಬಸ್ಸಿನಲ್ಲಿ ಕುಳಿತು ಹೊರಟೆ. ನನ್ನ ವೇಷ ನೋಡಿ ನನಗೇ ನಗು!

ಬಸ್ಸು ನಿಂತ ಜಾಗದಲ್ಲಿ ಕಣ್ಣೆತ್ತಿದರೆ ಯಾರು? ನಮ್ಮ ಗಾಂಧೀಜಿ! ಕೋಲು ಹಿಡಿದು ನಡೆಯುತ್ತಿರುವ ಕಂಚಿನ ವಿಗ್ರಹ. ಎದುರಿಗೇ ನಮ್ಮ ಭಾರತದ ರಾಯಭಾರ ಕಚೇರಿ. ಪ್ರಧಾನಿ ವಾಜಪೇಯಿಯವರು 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಇದನ್ನು ಅನಾವರಣ ಮಾಡಿದರಂತೆ. ಆಫ್ರಿಕಕ್ಕೆ ವಕೀಲಿಗೆಂದು ಹೋಗಿ, ಚರ್ಮದ ಬಣ್ಣದ ಕಾರಣಕ್ಕೆ ರೈಲಿನಿಂದ ತಳ್ಳಿಸಿಕೊಂಡವರು ಈ ರಸ್ತೆಯಲ್ಲಿ ನಿಂತಿರುವುದು ತಕ್ಕದ್ದೇ ಅಂತ ಅನ್ನಿಸಿತು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಫಿಲಿಪ್ಸ್ ಕಲೆಕ್ಷನ್ ಎಂಬ ಚಿತ್ರಶಾಲೆ. ಡಂಕನ್ ಫಿಲಿಪ್ಸ್ ಎಂಬ ಕಲಾಪ್ರೇಮಿ 1921ರಲ್ಲಿ ತಮ್ಮ ಮನೆಯಲ್ಲೇ ಚಿತ್ರಗಳನ್ನಿಟ್ಟು ಜನರಿಗೆ ಬಾಗಿಲು ತೆರೆದರು. ಮೆಟ್ಟಿಲು, ಬೆಂಕಿಗೂಡು, ಮರದ ನೆಲ, ಎಲ್ಲವೂ ಮನೆಯ ಹಾಗೇ ಇವೆ. ಮ್ಯೂಸಿಯಂ ಅಂದರೆ ಒಳಗೆ ಹೋಗಲು ಅಳುಕುವ ನನ್ನಂಥವಳಿಗೂ ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಷ್ಟು ಸಲೀಸು.

ನಾವು ನೋಡಲು ಹೋದದ್ದು ಜೇಕಬ್ ಲಾರೆನ್ಸ್ ಎಂಬ ಕಪ್ಪು ಚಿತ್ರಕಾರ ಬರೆದ ವಲಸೆಯ ಚಿತ್ರಮಾಲೆ. ಒಟ್ಟು 60 ಚಿತ್ರಗಳು. 1941ರಲ್ಲಿ ಮುಗಿಸಿದಾಗ ಆತನಿಗೆ ಇನ್ನೂ 23 ವರ್ಷ! ಬೆಸಸಂಖ್ಯೆಯ 30 ಚಿತ್ರಗಳು ಈ ಮನೆಯಲ್ಲಿವೆ, ಸಮಸಂಖ್ಯೆಯ 30 ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ. ಅಣ್ಣ ತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ! ಎಲ್ಲವೂ ಒಟ್ಟಿಗೆ ಕಾಣುವುದು ಅಪರೂಪ. ಹಾಗಾಗಿ ಮಕ್ಕಳ ಕೈಯಲ್ಲಿ ಅರವತ್ತೂ ಚಿತ್ರಗಳ ಪುಸ್ತಕ ಇತ್ತು. ಲಾರೆನ್ಸ್ ಅವರೇ 1993ರಲ್ಲಿ ಮಕ್ಕಳಿಗೆಂದು ಹೊರತಂದ ಪುಸ್ತಕ ಅದು.

ಈ ವಲಸೆ ಏನೆಂದು ನಾನೂ ಅಲ್ಲೇ ತಿಳಿದುಕೊಂಡೆ. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲೇ ಕಾನೂನಿನಿಂದ ಹೋಯಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಪಾಡು ಹೆಚ್ಚು ಬದಲಾಗಲಿಲ್ಲ. ಬೇರೆಯವರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯಬೇಕು, ಸಾಲ ತೀರದು. ಮಕ್ಕಳಿಗೆ ಬೇರೆ ಶಾಲೆ, ಕುಡಿಯುವ ನೀರಿಗೂ ಬೇರೆ ಕೊಳಾಯಿ. ಎದುರು ಮಾತಾಡಿದರೆ ಮರಕ್ಕೆ ನೇಣು. ಅದರ ಮೇಲೆ ಹತ್ತಿಯ ಕಾಯಿಕೊರಕ ಹುಳು ಬಿದ್ದು ಬೆಳೆ ನಾಶವಾಯಿತು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಗಿ, ಅಲ್ಲಿಂದ ಕೂಲಿಗೆ ಬರುವವರು ನಿಂತುಹೋದಾಗ ಉತ್ತರದ ಕಾರ್ಖಾನೆಗಳಿಗೆ ಕೈಗಳು ಬೇಕಾದವು. ಜನ ರೈಲು ಹತ್ತಿದರು. ಹೀಗೆ ಶುರುವಾದದ್ದು 1970ರವರೆಗೂ ನಡೆದು, ಸುಮಾರು 60 ಲಕ್ಷ ಜನ ದಕ್ಷಿಣ ಬಿಟ್ಟರಂತೆ. ನಮ್ಮ ಬಯಲುಸೀಮೆಯಲ್ಲಿ 'ಗುಳೆ ಹೋಗುವುದು' ಅನ್ನುತ್ತಾರಲ್ಲ, ಹಾಗೆ. ಆದರೆ ಗುಳೆ ಹೋದವರು ಮಳೆ ಬಿದ್ದರೆ ಊರಿಗೆ ತಿರುಗುತ್ತಾರೆ. ಇವರಲ್ಲಿ ಬಹುಪಾಲು ಜನ ತಿರುಗಲಿಲ್ಲ.

ಲಾರೆನ್ಸ್ ಅವರ ತಂದೆ ತಾಯಿಯೂ ಹೀಗೆ ದಕ್ಷಿಣದಿಂದ ಬಂದವರೇ. ತಾಯಿ ಹೊಟ್ಟೆಪಾಡಿಗೆ ನ್ಯೂಯಾರ್ಕಿನಲ್ಲಿ ಇರುವಾಗ ಮಗ ಕೆಲವು ವರ್ಷ ಬೇರೆಯವರ ಮನೆಯಲ್ಲಿ ಬೆಳೆದ. 13ನೇ ವಯಸ್ಸಿಗೆ ಹಾರ್ಲೆಮ್ ಎಂಬ ಕಪ್ಪು ಜನರ ಕೇರಿಗೆ, ತಾಯಿಯ ಬಳಿಗೆ ಬಂದ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಚಿತ್ರ ಕಲಿಸುವ ಒಂದು ಕಡೆ ಸೇರಿದ. ದೊಡ್ಡವನಾದ ಮೇಲೆ ಆ ಕೇರಿಯ ಲೈಬ್ರರಿಯಲ್ಲಿ ತಿಂಗಳುಗಟ್ಟಲೆ ಓದಿ, ಈ ಅರವತ್ತು ಚಿತ್ರ ಬರೆದ. ಬರೆದ ರೀತಿಯೂ ಚೆಂದ. ಅರವತ್ತು ಹಲಗೆಗಳನ್ನೂ ಸಾಲಾಗಿ ಇಟ್ಟುಕೊಂಡು, ಒಂದು ಬಣ್ಣವನ್ನು ಎಲ್ಲದಕ್ಕೂ ತುಂಬಿ, ಆಮೇಲೆ ಮುಂದಿನ ಬಣ್ಣ. ಕಪ್ಪಿನಿಂದ ಶುರು ಮಾಡಿ ತಿಳಿ ಬಣ್ಣದವರೆಗೆ. ದೊಡ್ಡ ರಂಗೋಲಿಗೆ ನಾವೂ ಹೀಗೇ ತುಂಬುತ್ತೇವಲ್ಲವೇ? ಎಲ್ಲ ಚಿತ್ರಗಳೂ ಒಂದೇ ಮನೆಯವರ ಹಾಗೆ ಕಾಣಲಿ ಅಂತ. ಹಲಗೆ ಸಿದ್ಧ ಮಾಡಲು, ಚಿತ್ರದ ಕೆಳಗಿನ ಸಾಲು ತಿದ್ದಲು ನೆರವಾದವರು ಗ್ವೆಂಡಲಿನ್ ನೈಟ್. ಅವರೂ ಚಿತ್ರಗಾರ್ತಿಯೇ. ಅದೇ 1941ರಲ್ಲಿ ಇಬ್ಬರಿಗೂ ಮದುವೆಯಾಯಿತು.

"ಓದಬೇಡಿ, ಮೊದಲು ನೋಡಿ"

ಟೀಚರು ಪ್ರತಿಯೊಂದು ಚಿತ್ರದ ಕೆಳಗಿನ ಬರಹವನ್ನು ಒಂದು ರಟ್ಟಿನಿಂದ ಮರೆ ಮಾಡಿ ಹಿಡಿದರು. "ಓದಬೇಡಿ, ಮೊದಲು ನೋಡಿ. ಏನು ಕಾಣುತ್ತದೆ, ಅಷ್ಟೇ ಹೇಳಿ" ಅಂದರು. ನನ್ನ ಹೈಸ್ಕೂಲ್ ಇಂಗ್ಲಿಷಿಗೆ ತಿಳಿಯದ್ದನ್ನು ಮಗಳು ಕಿವಿಯಲ್ಲಿ ಹೇಳುತ್ತಿದ್ದಳು.

ಮೊದಲ ಚಿತ್ರದಲ್ಲಿ ರೈಲು ನಿಲ್ದಾಣ. ಮೂರು ಬಾಗಿಲ ಮೇಲೆ ಶಿಕಾಗೋ, ನ್ಯೂಯಾರ್ಕ್, ಸೇಂಟ್ ಲೂಯಿಸ್ ಎಂದು ಬರೆದಿದೆ. ಬಾಗಿಲ ಕಡೆ ನುಗ್ಗುವ ಜನ. ಕಣ್ಣು ಮೂಗು ಬಿಡಿಸಿಲ್ಲ, ಬರೀ ಟೋಪಿ, ಕೋಟು, ಬೆನ್ನು. ನಮ್ಮಲ್ಲಿ ಹಬ್ಬದ ಹಿಂದಿನ ದಿನ ಬಸ್ ಸ್ಟ್ಯಾಂಡು ನೋಡಿದವರಿಗೆ ಹೊಸದೇನಲ್ಲ. ಮೂರನೆಯದರಲ್ಲಿ ಗಂಟು ಹೊತ್ತ ಜನರ ಗುಂಪು, ಮೇಲೆ ಹಾರುವ ಹಕ್ಕಿಗಳು. ಹನ್ನೊಂದನೆಯದರಲ್ಲಿ ಒಬ್ಬ ತಾಯಿ ಮೇಜಿನ ಮುಂದೆ ನಿಂತು ಮಾಂಸದ ತುಂಡೊಂದನ್ನು ಕೊಯ್ಯುತ್ತಿದ್ದಾಳೆ, ಪಕ್ಕದಲ್ಲಿ ಮಗು. ಒಬ್ಬ ಹುಡುಗ, "ಅವಳು ತುಂಬಾ ತೆಳ್ಳಗೆ ಕೊಯ್ಯುತ್ತಿದ್ದಾಳೆ" ಅಂದ. ಟೀಚರು ರಟ್ಟು ತೆಗೆದರು. ಯುದ್ಧದಿಂದಾಗಿ ಆಹಾರದ ಬೆಲೆ ಎರಡರಷ್ಟಾಗಿತ್ತು ಎಂಬ ಅರ್ಥದ ಬರಹ. ಹತ್ತು ವರ್ಷದ ಹುಡುಗನಿಗೆ ಕೊರತೆ ಎಂದರೇನು ಅಂತ ಯಾರೂ ಹೇಳಿಕೊಡಲಿಲ್ಲ. ಅವನ ಕಣ್ಣೇ ಕಂಡುಕೊಂಡಿತು.

ಐವತ್ತೇಳನೆಯ ಚಿತ್ರದ ಮುಂದೆ ನಾನು ನಿಂತೇಬಿಟ್ಟೆ. ಬಿಳಿ ಬಟ್ಟೆ ತೊಟ್ಟ ಒಬ್ಬ ಹೆಂಗಸು, ಉದ್ದನೆಯ ಕೋಲು ಹಿಡಿದು ಬಣ್ಣ ಬಣ್ಣದ ಬಟ್ಟೆಗಳ ರಾಶಿಯನ್ನು ತಿರುವುತ್ತಿದ್ದಾಳೆ. ಊರು ಬಿಟ್ಟವರಲ್ಲಿ ದುಡಿಯುವ ಹೆಂಗಸರು ಕೊನೆಗೆ ಬಂದವರು ಅಂತ ಬರಹ. ಅರವತ್ತರಲ್ಲಿ ಇವಳು ಐವತ್ತೇಳನೆಯವಳು! ಮನೆಯ ಎಲ್ಲರ ಊಟವಾದ ಮೇಲೆ ತಟ್ಟೆ ಹಾಕಿಕೊಳ್ಳುವವರು ಎಲ್ಲ ದೇಶದಲ್ಲೂ ಒಬ್ಬರೇ ಅಂತ ಕಾಣುತ್ತದೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅದಕ್ಕೂ ಮುಂಚಿನ ಒಂದು ಚಿತ್ರ. ಐವತ್ಮೂರನೆಯದು. ಸೊಗಸಾಗಿ ಉಡುಪು ತೊಟ್ಟ ದಂಪತಿ. ಚೆಂದದ ಜೋಡಿ. ಮಕ್ಕಳು "ಶ್ರೀಮಂತರು", "ಮದುವೆಗೆ ಹೊರಟಿದ್ದಾರೆ" ಅಂದರು. ಪುಟ್ಟಿ ಮಾತ್ರ, "ಅವರು ಯಾರನ್ನೋ ನೋಡದ ಹಾಗೆ ಮಾಡ್ತಿದ್ದಾರೆ" ಅಂದಳು. ಟೀಚರು ರಟ್ಟು ಸರಿಸಿದರು. ಮೊದಲೇ ಉತ್ತರದಲ್ಲಿ ನೆಲೆಸಿದ್ದ ಕಪ್ಪು ಜನ, ಹೊಸದಾಗಿ ಬಂದವರನ್ನು ತಾತ್ಸಾರದಿಂದ ದೂರ ಇಟ್ಟರು ಅಂತ ಅದರ ಅರ್ಥ.

"ಅವರೂ ಕಪ್ಪು ಜನರೇ ಅಲ್ವಾ? ಒಂದೇ ಬಣ್ಣ, ಒಂದೇ ಭಾಷೆ. ಮತ್ತೆ ಯಾಕೆ?" ಅಂತ ಒಂದು ಹುಡುಗಿ ಕೇಳಿತು.

ಟೀಚರು ಉತ್ತರ ಹೇಳಲಿಲ್ಲ. "ನೀವೇ ಯೋಚಿಸಿ" ಅಂದರು. ನನಗೆ ಯೋಚಿಸುವುದು ಬೇಕಿರಲಿಲ್ಲ. ಅಷ್ಟು ಚಳಿಯಲ್ಲೂ ಕಿವಿ ಬಿಸಿಯಾಯಿತು.

ಚರಿಗಿ

ನಾನು ಮದುವೆಯಾಗಿ ಸಾಗರದ ಹತ್ತಿರದ ಊರಿಗೆ ಬಂದದ್ದು 1972ರಲ್ಲಿ. ನನಗಾಗ 19. ಆ ವರ್ಷ ಬಯಲುಸೀಮೆಯಲ್ಲಿ ದೊಡ್ಡ ಬರ. ಬಿಜಾಪುರದ ಕಡೆಯ ಕೂಲಿಯವರು ನಮ್ಮೂರ ರಸ್ತೆ ಕೆಲಸಕ್ಕೆ ಬಂದು, ಗದ್ದೆಯ ಅಂಚಿನಲ್ಲಿ ಗುಡಾರ ಹಾಕಿಕೊಂಡಿದ್ದರು. ಅವರಲ್ಲಿ ಒಬ್ಬಳು ಕಂಕುಳಲ್ಲಿ ಮಗು ಎತ್ತಿಕೊಂಡು ದಿನಾ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಿದ್ದಳು. "ಯವ್ವಾ, ಒಂದ್ ಚರಿಗಿ ನೀರ ಕೊಡ್ರಿ" ಅನ್ನುತ್ತಿದ್ದಳು. ತಂಬಿಗೆಗೆ ಅವರು ಚರಿಗಿ ಅನ್ನುವುದು ನಮಗೆ ತಿಳಿಯದು. ನಾನೂ ನನ್ನ ನಾದಿನಿಯೂ ಅಡಿಗೆಮನೆಯಲ್ಲಿ ಅವಳ ಮಾತನ್ನು ಅಣಕಿಸಿ ನಗುತ್ತಿದ್ದೆವು. ಅವಳು ಬಂದರೆ "ಚರಿಗಿ ಬಂತು ನೋಡು" ಅನ್ನುವುದು. ನೀರು ಕೊಡುತ್ತಿರಲಿಲ್ಲ ಅಂತಲ್ಲ. ಕೊಡುತ್ತಿದ್ದೆ. ಅಂಗಳದಲ್ಲಿ ನಿಲ್ಲಿಸಿ, ಮೇಲಿನಿಂದ ಬೊಗಸೆಗೆ ಹುಯ್ಯುತ್ತಿದ್ದೆ.

ಮುಂದಿನ ಜೂನಿನಲ್ಲಿ ಮಳೆ ಹಿಡಿಯಿತು. ಮಲೆನಾಡಿನ ಮಳೆ ಹೇಗೆ ಎಂದು ಗೊತ್ತಲ್ಲ! ಒಂದು ಸಂಜೆ ಅವಳು ನೆನೆದು ತೊಪ್ಪೆಯಾಗಿ, ಮಗುವನ್ನು ಕೌದಿಯಲ್ಲಿ ಸುತ್ತಿಕೊಂಡು ಬಂದು ನಿಂತಳು. ಮಗುವಿಗೆ ಜ್ವರ. ಒಂದು ರಾತ್ರಿ ಜಗುಲಿಯಲ್ಲಿ ಮಲಗಲು ಕೇಳಿದಳು. ಅತ್ತೆ ಒಳಗೆ ಹೂಬತ್ತಿ ಹೊಸೆಯುತ್ತಿದ್ದರು. ಕೇಳಿದ್ದರೆ ಹೂಂ ಅನ್ನುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. "ಮನೆಯಲ್ಲಿ ಹಿರಿಯರು ಯಾರೂ ಇಲ್ಲ, ನಾಳೆ ಬಾ" ಅಂದು ಬಾಗಿಲು ಹಾಕಿದೆ. ನಾಳೆ ಅವಳು ಬರಲಿಲ್ಲ. ಎರಡು ದಿನದಲ್ಲಿ ಗುಡಾರಗಳೂ ಎದ್ದವು. ಮಗು ಏನಾಯಿತೋ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮವರಿಗೂ ಹೇಳಿರಲಿಲ್ಲ. ಅಂದು ರಾತ್ರಿ ಊಟವಾದ ಮೇಲೆ ಪುಟ್ಟಿ ಹಾಳೆ ತಂದು, "ಅಜ್ಜಿ, ನಾಲ್ಕನೇ ಪ್ರಶ್ನೆ ಹಾಗೇ ಇದೆ" ಅಂದಾಗ ಹೇಳಿಬಿಟ್ಟೆ. ಪ್ರಶ್ನೆ ಇದ್ದದ್ದು ಊರು ಬಿಟ್ಟ ನಮ್ಮವರನ್ನು ಬೇರೆಯವರು ಹೇಗೆ ಕಂಡರು ಅಂತ. ನಾನು ಹೇಳಿದ್ದು ಊರು ಬಿಟ್ಟು ಬಂದವಳನ್ನು ನಾವು ಹೇಗೆ ಕಂಡೆವು ಅಂತ. ಮಗಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ಪುಟ್ಟಿ ಬೈಯಲಿಲ್ಲ. ಮಕ್ಕಳು ನಮ್ಮ ಹಾಗಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅವಳ ಹೆಸರೇನು?" ಅಂದಳು.

"ಗೊತ್ತಿಲ್ಲ ಪುಟ್ಟಿ. ನಾವು ಚರಿಗಿ ಅಂತಿದ್ವಿ."

"ಅದು ಅವಳ ಹೆಸರಲ್ಲ."

ಅಷ್ಟೇ ಅಂದಳು. ಅವಳ ಹೆಸರನ್ನೂ ಶಾಲೆಯಲ್ಲಿ ಮುಕ್ಕಾಲು ನುಂಗಿ ಕಾಲು ಉಳಿಸಿ ಕರೆಯುತ್ತಾರೆ. ಹೆಸರಿನ ಬೆಲೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಸೋಮವಾರಕ್ಕೆ ಪ್ರತಿಯೊಬ್ಬರೂ ಅರವತ್ತೊಂದನೆಯ ಚಿತ್ರ ಬರೆದು ತರಬೇಕಿತ್ತು. ತಮ್ಮ ಮನೆಯದೇ ಒಂದು ಚಿತ್ರ, ಕೆಳಗೆ ಒಂದೇ ಸಾಲು. ಅಪ್ಪ ಅಮ್ಮ ವಿಮಾನದಲ್ಲಿ ಬಂದದ್ದನ್ನು ಬರೆಯುತ್ತಾಳೆ ಅಂದುಕೊಂಡಿದ್ದೆ. ಭಾನುವಾರ ಸಂಜೆ ನೋಡಿದರೆ, ಓರೆ ಓರೆ ಗೆರೆಯ ಮಳೆ, ಕೆಂಪು ಹೆಂಚಿನ ಮನೆ, ಅಂಗಳದಲ್ಲಿ ಗಂಟಿನ ಹಾಗೆ ಮಗುವನ್ನು ಅವಚಿಕೊಂಡ ಒಬ್ಬ ಹೆಂಗಸು. ಲಾರೆನ್ಸ್ ಮಾಡಿದಂತೆಯೇ ಮುಖಕ್ಕೆ ಕಣ್ಣು ಮೂಗಿಲ್ಲ. ಅರ್ಧ ಮುಚ್ಚಿದ ಬಾಗಿಲ ಒಳಗೆ ಒಂದು ಹಸಿರು ಸೀರೆ. ಅದು ನಾನು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದಳು: ಅವಳ ಹೆಸರು ನನ್ನ ಅಜ್ಜಿಗೆ ಗೊತ್ತಿಲ್ಲ.

ಮಗಳು, "ಇದನ್ನು ಶಾಲೆಗೆ ಕೊಡೋದು ಬೇಡ ಅನ್ನಿಸಿದ್ರೆ ಹೇಳಮ್ಮ" ಅಂದಳು. ಬೇಡ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೂ "ಕೊಡಲಿ ಬಿಡು" ಅಂದೆ.

ನೀವೂ ಮಾಡಬಹುದು

ಊರಿಗೆ ಬಂದು ಮೂರು ತಿಂಗಳಾಯಿತು. ನಮ್ಮ ಪಕ್ಕದ ಸೈಟಿನಲ್ಲಿ ಈಗ ಮನೆ ಕಟ್ಟುತ್ತಿದ್ದಾರೆ. ರಾಯಚೂರಿನ ಕಡೆಯವರು, ಬಿಹಾರದವರು, ಎಲ್ಲ ಇದ್ದಾರೆ. ಬಂದ ಮಾರನೆಯ ದಿನ ನೀರಿಗೆ ಬಂದವಳಿಗೆ ತಂಬಿಗೆಯನ್ನು ಕೈಗೇ ಕೊಟ್ಟು ಹೆಸರು ಕೇಳಿದೆ. ಹೇಳಿದಳು. ನನ್ನ ಹೆಸರನ್ನೂ ಕೇಳಿದಳು! ನಗು ಬಂತು. ಇಷ್ಟರಿಂದ ಹಳೆಯದು ತೀರಿತು ಅಂತ ನಾನು ತಿಳಿದಿಲ್ಲ.

ನಿಮ್ಮ ಮನೆಯ ಮಕ್ಕಳಿಗೂ ರಜೆಯಲ್ಲಿ ಈ ಪಾಠ ಮಾಡಿಸಬಹುದು. ಅಮೆರಿಕಕ್ಕೆ ಹೋಗಬೇಕಿಲ್ಲ. ಒಂದು ಹಳೆಯ ಟ್ರಂಕು, ತವರಿನಿಂದ ತಂದ ಒಂದು ಕೌದಿ, ಕಡೆಗೋಲು, ಯಾವುದಾದರೂ ಒಂದನ್ನು ನಡುವೆ ಇಡಿ. ಇದು ಎಲ್ಲಿಂದ ಬಂತು, ಯಾರು ತಂದರು, ಏಕೆ ಬಂದರು ಅಂತ ಮಕ್ಕಳೇ ಅಜ್ಜಿ ತಾತಂದಿರನ್ನು ಕೇಳಲಿ. ಒಂದೊಂದು ಹಾಳೆಗೆ ಒಂದು ಚಿತ್ರ, ಒಂದು ಸಾಲು. ಬಣ್ಣ ಮೂರೋ ನಾಲ್ಕೋ ಸಾಕು. ತಿದ್ದಲು ಹೋಗಬೇಡಿ. ಕೊನೆಗೆ ಆ ನಾಲ್ಕನೆಯ ಪ್ರಶ್ನೆಯನ್ನೂ ಕೇಳಿಸಿ. ಆದರೆ ಎರಡು ಕಡೆಯಿಂದ ಕೇಳಿಸಿ: ನಮ್ಮನ್ನು ಅವರು ಹೇಗೆ ಕಂಡರು? ನಮ್ಮಲ್ಲಿಗೆ ಬಂದವರನ್ನು ನಾವು ಹೇಗೆ ಕಂಡೆವು?

ಚಿತ್ರದಲ್ಲಿ ಗಂಟು ಹೊತ್ತವರು ನಾವೇ ಅಂತ ಎಲ್ಲರಿಗೂ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಬಾಗಿಲ ಒಳಗೆ ನಿಂತವಳನ್ನೂ ಒಮ್ಮೆ ನೋಡಿ. ಸೀರೆಯ ಬಣ್ಣ ಗುರುತು ಸಿಕ್ಕೀತು.